ಸೇತುವೆಯಾಚೆಯ ಬೆಣ್ಣೆ

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಲೈಲ್ ಕುಬಿಯಾಕ್ ತನ್ನ ಹೆತ್ತ ತಾಯಿ ಅಂಗಳದಲ್ಲಿ ನೆಟ್ಟಿದ್ದ ಫಲಕವನ್ನು ಕಿತ್ತು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ, ಕಸ ಸುಡುವ ಪೀಪಾಯಿಗೆ ತುರುಕಿ ಬೆಂಕಿ ಹಚ್ಚಿದ. ಫಲಕದಲ್ಲಿ ಬೈಗುಳವೇನೂ ಇರಲಿಲ್ಲ. ‘ನಮ್ಮನ್ನೂ ಒಮ್ಮೆ ಕೇಳಿ’ ಎಂದಿತ್ತು, ಅಷ್ಟೇ.

ಕೇಳಬೇಕಾಗಿದ್ದು ಗಾಂಜಾದ ವಿಷಯ. ದೊಡ್ಡವರು ತಮ್ಮ ಖುಷಿಗೆ ಗಾಂಜಾ ಕೊಳ್ಳುವುದನ್ನು ಕಾನೂನು ಒಪ್ಪಬೇಕೋ ಬೇಡವೋ ಎಂದು ವಿಸ್ಕಾನ್ಸಿನ್ ರಾಜ್ಯದ ಮತದಾರರನ್ನೆಲ್ಲ ಒಂದು ಸಲ ಕೇಳಿಬಿಡೋಣ ಎಂದು ರಾಜಧಾನಿಯಲ್ಲಿ ಕೆಲವು ಶಾಸಕರು ಠರಾವು ತಂದಿದ್ದರು. ಜನ ಹೂಂ ಎಂದರೂ ಸರ್ಕಾರ ಅದರಂತೆ ನಡೆಯಬೇಕೆಂಬ ಕಟ್ಟುಪಾಡಿಲ್ಲ. ಬರೀ ಅಭಿಪ್ರಾಯ. ನದಿಯ ಸೇತುವೆ ದಾಟಿದರೆ ಮಿಷಿಗನ್. ಅಲ್ಲಿ ಅದೇ ಗಾಂಜಾ ಚೊಕ್ಕಟವಾದ ಅಂಗಡಿಗಳಲ್ಲಿ ರಸೀದಿಯ ಸಮೇತ ಸಿಗುತ್ತದೆ. ಸೇತುವೆಯ ಈಚೆ ಬಂದರೆ ಅದೇ ಪೊಟ್ಟಣಕ್ಕೆ ಪೊಲೀಸರು ಬರುತ್ತಾರೆ. ನಮ್ಮೂರಿನ ಅರ್ಧ ಜನ ಭಾನುವಾರ ಚರ್ಚು ಮುಗಿಸಿ ಸೇತುವೆ ದಾಟುತ್ತಾರೆ. ಇನ್ನರ್ಧ ಜನ, ಅಂಗಡಿ ಮುಂದೆ ಯಾರ ಯಾರ ಕಾರು ನಿಂತಿದೆ ಎಂದು ನೋಡಿಕೊಂಡು ಬರಲು ದಾಟುತ್ತಾರೆ.

ಲೈಲ್ ಕೈ ತೊಳೆಯದೆ ಬಂದು ತಿಂಡಿಗೆ ಕೂತ. ಅವನ ತಾಯಿ ಆರ್ಡಿಸ್‌ಗೆ ಎಪ್ಪತ್ತೆಂಟು. ಮೂವತ್ತು ವರ್ಷ ಮತಗಟ್ಟೆಯಲ್ಲಿ ಕೂತು ಊರಿನವರ ಹೆಸರಿನ ಮುಂದೆ ಗುರುತು ಹಾಕಿದವಳು. ಸಂಧಿವಾತ ಅವಳ ಬೆರಳುಗಳನ್ನು ಶುಂಠಿಯ ಹಾಗೆ ತಿರುಚಿ ಹಾಕಿತ್ತು. ಬಾಯಿಯನ್ನು ಮಾತ್ರ ಮುಟ್ಟಿರಲಿಲ್ಲ.

“ಕೇಳಿದ್ರೆ ನಿಂದೇನೋ ಗಂಟು ಹೋಗೋದು?” ಎಂದಳು.

“ಈ ಮನೆ ಮುಂದೆ ಆ ಬೋರ್ಡು ನಿಲ್ಲಲ್ಲ, ಅಮ್ಮ. ಫೌಂಡ್ರೀಲಿ ಹನ್ನೆರಡು ಜನರ ಮೇಲೆ ಮೇಸ್ತ್ರಿ ನಾನು. ಊರಲ್ಲಿ ತಲೆ ಎತ್ಕೊಂಡು ತಿರುಗಬೇಕು.”

“ತಿರುಗಪ್ಪ, ಯಾರು ಬೇಡ ಅಂದ್ರು? ಸಂಜೆ ಆರಾದ್ಮೇಲೆ ಬ್ರಾಂದಿ ಏರಿ ಆ ತಲೆ ತಾನಾಗೇ ಜೋತು ಬೀಳುತ್ತೆ.”

ಲೈಲ್‌ನ ಮಗಳು ಜೋಲೀನ್, ಹದಿನೇಳರ ಹುಡುಗಿ, ತಡೆದುಕೊಳ್ಳಲಾರದೆ ಕಿಸಕ್ಕನೆ ನಕ್ಕಳು. ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದ ಕೊರೀನ್ ಗಂಡನ ಕಿವಿಗಳನ್ನು ನೋಡಿದಳು. ಕೆಂಪೇರುತ್ತಿದ್ದವು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕಲಿತ ಹವಾಮಾನ ಶಾಸ್ತ್ರ ಅದೊಂದೇ. ಕಿವಿ ಕೆಂಪಾದ ದಿನ ಗಾಜಿನ ತಟ್ಟೆಗಳನ್ನು ಮೇಲಿನ ಕಪಾಟಿಗೆ ಸೇರಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬಡಿಸುತ್ತಿದ್ದಳು. ಆ ಬೆಳಿಗ್ಗೆ ಅಷ್ಟು ಪುರಸೊತ್ತು ಸಿಗಲಿಲ್ಲ. ಕಾಫಿಯ ಮಗ್ಗು ಜೋಲೀನ್‌ಳ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿದು ಪುಡಿಯಾಯಿತು. ಕೊರೀನ್ ಬೆಂಕಿ ಸಣ್ಣ ಮಾಡಿ ಪೊರಕೆ ತಂದಳು.

“ಬಗ್ಗಿ ನೋಡ್ಕೊಂಡು ಗುಡಿಸಮ್ಮ,” ಎಂದಳು ಆರ್ಡಿಸ್ ಸೊಸೆಗೆ. “ಗಾಂಜಾ ಸೇದಿದವ್ರು ಎಸೆದ ಮಗ್ಗು ಅಂತೂ ಅಲ್ಲ ಅದು.”

ಮರುದಿನ ಆರ್ಡಿಸ್ ಇನ್ನೊಂದು ಫಲಕ ತರಿಸಿ, ಕಿಟಕಿಯ ಒಳಗೆ, ತನ್ನ ಕೋಣೆಯ ಗಾಜಿಗೆ ಅಂಟಿಸಿದಳು.

ಶುಕ್ರವಾರ ಊರಿಗೆ ಊರೇ ಮೀನೂಟಕ್ಕೆ ಹೆಂಡದಂಗಡಿಗೆ ಹೋಗುವ ದಿನ. ಅಜ್ಜಿಯಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರೂ ಅಲ್ಲಿರುತ್ತಾರೆ. ಲೈಲ್ ಐದನೆಯ ಬ್ರಾಂದಿ ಹಿಡಿದು, ಗಾಂಜಾ ಬಂದರೆ ಮಕ್ಕಳೆಲ್ಲ ಹಾಳಾಗುತ್ತಾರೆಂದು ಮೇಜು ಗುದ್ದಿ ಹೇಳಿದ. ಪಕ್ಕದಲ್ಲಿದ್ದ ವೆಂಡಲ್ ತಲೆ ತೂಗಿದ. ವೆಂಡಲ್ ಶೆರಿಫ್ ಕಚೇರಿಯ ಡೆಪ್ಯುಟಿ, ಎಂದರೆ ನಮ್ಮ ಕಡೆಯ ಪೊಲೀಸು. ಇಪ್ಪತ್ತು ವರ್ಷದಿಂದ ಲೈಲ್‌ನ ಜಿಂಕೆ ಬೇಟೆಯ ಜೊತೆಗಾರ. ವಸಂತದಲ್ಲಿ ನೆರೆಯವರು ಯಾರೋ ಫೋನು ಮಾಡಿದಾಗ ಮನೆಗೆ ಬಂದಿದ್ದವನೂ ಅವನೇ. ಬಾಗಿಲಲ್ಲಿ ನಿಂತು, “ಎಲ್ಲಾ ಸರಿ ಇದೆಯಾ ಕೊರೀನ್?” ಎಂದು ಕೇಳಿದ್ದ. ಲೈಲ್ ಅವಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. “ಮೆಟ್ಟಿಲಲ್ಲಿ ಜಾರಿಬಿಟ್ಟೆ,” ಎಂದು ಅವಳು ಊದಿದ ತುಟಿಯಲ್ಲೇ ಹೇಳಿದ್ದಳು. ಆ ಮನೆಗೆ ಇರುವುದು ಒಂದೇ ಮೆಟ್ಟಿಲು, ಅದೂ ಗೇಣೆತ್ತರ. ವೆಂಡಲ್ ಅದನ್ನೊಮ್ಮೆ ನೋಡಿ, ಟೋಪಿ ಮುಟ್ಟಿ, ಹೊರಟು ಹೋಗಿದ್ದ.

ಅತ್ತೆಯನ್ನು ಸೇತುವೆ ದಾಟಿಸುತ್ತಿದ್ದವಳು ಕೊರೀನ್. ಶಾಲೆಯ ಅಡುಗೆಮನೆಯ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ, ಲೈಲ್ ಬರುವುದು ನಾಲ್ಕಕ್ಕೆ. ಆರ್ಡಿಸ್‌ಗೆ ಸಕ್ಕರೆ ಕಾಯಿಲೆ. ಅಂಗಡಿಯ ಗಾಂಜಾ ಮಿಠಾಯಿ ಆಗದು, ಸೇದಿದರೆ ಕೆಮ್ಮು. ಹಾಗಾಗಿ ಕೊರೀನ್ ಗಾಂಜಾದ ಒಣ ಮೊಗ್ಗು ತಂದು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆ ಹೊತ್ತು ಕಾಯಿಸಿ ಸೋಸುತ್ತಿದ್ದಳು. ವಾಸನೆ ತಿಳಿಯದಿರಲೆಂದು ಪಕ್ಕದ ಒಲೆಯಲ್ಲಿ ಹುಳಿ ಎಲೆಕೋಸು. ಮಧ್ಯಾಹ್ನ ರೊಟ್ಟಿಯ ಮೇಲೆ ಕಾಲು ಚಮಚ ಸವರಿಕೊಂಡರೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಆಗ ಮೊಮ್ಮಗಳೊಡನೆ ಇಸ್ಪೀಟಿಗೆ ಕೂರುತ್ತಿದ್ದಳು. ಅತ್ತೆ ತನ್ನ ಕೈಯಿಂದಲೇ ಎಲೆ ಕಲಸುವುದನ್ನು ಮೊದಲ ಸಲ ಕಂಡ ದಿನ ಕೊರೀನ್ ಬಚ್ಚಲಿಗೆ ಹೋಗಿ ಅತ್ತಿದ್ದಳು. ಆ ಮನೆಯಲ್ಲಿ ಒಬ್ಬರಿಗಾದರೂ ನೋವು ಕಡಿಮೆಯಾಯಿತಲ್ಲ ಎಂದು ಅವಳಿಗೆ ಅಷ್ಟು ಸಂತೋಷವಾಗಿತ್ತು.

ಬೆಣ್ಣೆ ಇರುತ್ತಿದ್ದದ್ದು ಹುಳಿಕೆನೆಯ ಖಾಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೆಂಪು ರಬ್ಬರ್ ಬಳೆ ಹಾಕಿ. ನಮ್ಮ ಕಡೆ ಯಾರ ಮನೆಯಲ್ಲೂ ಡಬ್ಬಿ ಎಸೆಯುವ ಪದ್ಧತಿಯಿಲ್ಲ. ಫ್ರಿಜ್ಜು ತೆರೆದರೆ ಹದಿನೈದು ಡಬ್ಬಿಗಳು. ಮುಚ್ಚಳ ಹೇಳುವುದು ಒಂದು, ಒಳಗಿರುವುದು ಇನ್ನೊಂದು. ಚೀಸಿನ ಡಬ್ಬಿಯಲ್ಲಿ ಹುರುಳಿ ಸಾರು, ಐಸ್‌ಕ್ರೀಮಿನ ಡಬ್ಬಿಯಲ್ಲಿ ಹಂದಿಯ ಕೊಬ್ಬು. ಮನೆಯವರಿಗೆ ಗುರುತು ಸಿಗುತ್ತದೆ ಎಂಬುದೊಂದು ನಂಬಿಕೆ.

ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಮುನ್ನಾದಿನ ಆ ನಂಬಿಕೆ ಕೈಕೊಟ್ಟಿತು. ಗಂಡಸರೆಲ್ಲ ಕಾಡಿನ ಗುಡಿಸಲಿಗೆ ಹೊರಡುತ್ತಾರೆ, ಹೆಂಗಸರು ತಟ್ಟೆಗಟ್ಟಲೆ ಬೇಯಿಸಿ ಕಳಿಸುತ್ತಾರೆ. ಕೊರೀನ್ ಓಟ್ಸ್ ಚಾಕೊಲೇಟಿನ ಬಿಲ್ಲೆಗಳಿಗೆ ಹಿಟ್ಟು ಕಲಸಿದ ಮೇಲೆ ನೋಡಿದರೆ ಬೆಣ್ಣೆ ಸಾಲದು. ಗ್ಯಾರೇಜಿನ ದೊಡ್ಡ ಫ್ರೀಜರಿನ ತಳದಲ್ಲಿ ಚೀಸಿನ ಡಬ್ಬಿಯೊಂದರಲ್ಲಿ ಬೆಣ್ಣೆ ಸಿಕ್ಕಿತು. ರಬ್ಬರ್ ಬಳೆ ಇರಲಿಲ್ಲ. ಹೊರಗೆ ಲೈಲ್ ಹಾರನ್ನು ಒತ್ತುತ್ತಿದ್ದ. ಮಂಕು ಬೆಳಕಿನಲ್ಲಿ ಕೆದಕಿ ಅರ್ಧದಷ್ಟನ್ನು ಕೋಕೋ ಪುಡಿಯ ಜೊತೆ ಕರಗಿಸಿ ಸುರಿದಳು.

ಭಾನುವಾರ ಸಂಜೆ ಲೈಲ್ ಬರಿಗೈಯಲ್ಲಿ ಬಂದ. ಆದರೆ ಮುಖ ಹದಿನೆಂಟರ ಹುಡುಗನದು. “ಇಂಥಾ ಬೇಟೆ ನನ್ನ ಜನ್ಮದಲ್ಲಿ ಆಗಿರ್ಲಿಲ್ಲ ಕಣೇ!” ಎಂದು ಅವಳ ಸೊಂಟ ಹಿಡಿದು ಎತ್ತಿದ. “ಒಂದು ಜಿಂಕೆ ಇಪ್ಪತ್ತು ಮಾರು ದೂರದಲ್ಲಿ ಬಂದು ನಿಂತಿತ್ತು. ಅದರ ಮುಖ ನೋಡಿ ನಾನೂ ವೆಂಡಲ್ಲೂ ಅರ್ಧ ಗಂಟೆ ನಕ್ಕಿದ್ದೀವಿ! ಬಂದೂಕು ಎತ್ಲೇ ಇಲ್ಲ. ನಿನ್ನ ಬಿಲ್ಲೆ ಅವನೊಬ್ನೇ ನಾಲ್ಕು ತಿಂದ.”

ಅಂದು ಅವನು ಬಾಟಲಿಯನ್ನೂ ಮುಟ್ಟಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಆರ್ಡಿಸ್ ಸೊಸೆಯ ತೋಳು ಹಿಡಿದಳು. “ಯಾವ ಬೆಣ್ಣೆ ಹಾಕ್ದೆ?”

“ಗ್ಯಾರೇಜಲ್ಲಿದ್ದದ್ದು. ಚೀಸಿನ ಡಬ್ಬೀದು.”

“ಅಯ್ಯೋ ದೇವ್ರೇ. ಅವನು ಫ್ರಿಜ್ಜು ತಡಕಾಡ್ತಿದ್ದ ಅಂತ ನಾನೇ ಅದಕ್ಕೆ ಸುರಿದು ಬಚ್ಚಿಟ್ಟೆ ಕಣೇ. ನಿಂಗೆ ಹೇಳೋದು ಮರ್ತೆ.”

ಕೊರೀನ್‌ಗೆ ಕೈಯಲ್ಲಿ ಬಂದೂಕು ಹಿಡಿದವರಿಗೆ ತಾನು ತಿನ್ನಿಸಿದ್ದೇನೆಂದು ಆಗ ಹೊಳೆಯಿತು. ಆಮೇಲೆ, ಗಂಡ ಸ್ನಾನದ ಮನೆಯಲ್ಲಿ ಹಾಡುತ್ತಿರುವುದು ಕೇಳಿ ಇಬ್ಬರಿಗೂ ನಗು ಬಂತು. ಆ ನಗುವಿಗೆ ಅವಳು ಆಮೇಲೆ ಬಹಳ ದಿನ ನಾಚಿಕೊಂಡಳು.

ಮಂಗಳವಾರ ಫೌಂಡ್ರಿಯಲ್ಲಿ ಚೀಟಿ ಎತ್ತಿ ಆರು ಜನರ ಮೂತ್ರ ಪರೀಕ್ಷೆ ಮಾಡಿದರು. ಅದರಲ್ಲಿ ಲೈಲ್‌ನ ಹೆಸರಿತ್ತು. ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಯಾರೂ ಮನೆಗೆ ಬಾರದ ಹೊತ್ತಿನಲ್ಲಿ, ಅವನ ಟ್ರಕ್ಕು ಅಂಗಳಕ್ಕೆ ನುಗ್ಗಿತು. ಜ್ವರವೆಂದು ರಜೆ ಹಾಕಿದ್ದ ಕೊರೀನ್ ಮನೆಯಲ್ಲಿದ್ದಳು.

“ಇಪ್ಪತ್ತಾರು ವರ್ಷ!” ಎಂದು ಅವನು ಕೂಗಿದ್ದು ಬೀದಿಯ ಕೊನೆಯವರೆಗೆ ಕೇಳಿರಬೇಕು. “ಇಪ್ಪತ್ತಾರು ವರ್ಷದ ಕೆಲ್ಸ! ಗಾಂಜಾ ತಿಂದವನು ಅಂತ ಗೇಟಿಂದ ಆಚೆ ಹಾಕಿದ್ರು ನನ್ನ! ನನ್ನ! ಆ ಬಿಲ್ಲೇಲಿ ಏನ್ ಹಾಕಿದ್ದೆ? ಎಲ್ಲಿಟ್ಟಿದೀಯಾ ಅದನ್ನ?”

ಅವನು ಫ್ರಿಜ್ಜಿನ ಬಾಗಿಲು ಕಿತ್ತುಬರುವಂತೆ ಎಳೆದು, ಒಂದೊಂದೇ ಡಬ್ಬಿ ತೆರೆದು ಮೂಸಿ ನೆಲಕ್ಕೆ ಬಡಿದ. ಸಾರು, ಕೊಬ್ಬು, ಉಪ್ಪಿನಕಾಯಿ ಎಲ್ಲ ಹರಿದವು. ಅಲ್ಲಿ ಸಿಗದೆ ಗ್ಯಾರೇಜಿಗೆ ನುಗ್ಗಿದ. ಕೊರೀನ್ ಹಿಂದೆ ಓಡಿದಳು. ಫ್ರೀಜರಿನ ತಳದಿಂದ ಡಬ್ಬಿ ಮೇಲೆ ಬಂದಾಗ ಅದನ್ನು ಕಿತ್ತುಕೊಳ್ಳಲು ಕೈ ಚಾಚಿದಳು.

ಲೈಲ್ ಫ್ರೀಜರಿನ ಮುಚ್ಚಳವನ್ನು ಅವಳ ಮಣಿಕಟ್ಟಿನ ಮೇಲೆ ಹಾಕಿದ. ಒಮ್ಮೆ ಅಲ್ಲ. ಎತ್ತಿ ಎತ್ತಿ ಮೂರು ಸಲ.

“ಅದು ನಂದು ಕಣೋ!” ಬಾಗಿಲಲ್ಲಿ ನಿಂತ ಆರ್ಡಿಸ್ ಚೀರಿದಳು. “ನಾನು ಮಾಡಿದ್ದು! ಅವ್ಳಿಗೆ ಗೊತ್ತಿರ್ಲಿಲ್ಲ!”

“ನಿಂದಾ? ಸರಿ.” ಅವನ ಧ್ವನಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಕೊರೀನ್‌ಗೆ ಕೂಗಿಗಿಂತ ಅದೇ ಹೆಚ್ಚು ಭಯ. ಅವನು ಡಬ್ಬಿಯನ್ನು ಒಳಗೆ ಒಯ್ದು, ಬಂದೂಕುಗಳ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳ ಸರಪಣಿಗೆ ಸಿಕ್ಕಿಸಿಕೊಂಡ. “ಇದು ಇಲ್ಲೇ ಇರುತ್ತೆ. ಯಾರಾದ್ರೂ ಪೊಲೀಸ್ನೋರಿಗೆ ಫೋನ್ ಮಾಡಿ ನೋಡಿ. ಬಂದವ್ರಿಗೆ ಮೊದ್ಲು ಇದನ್ನ ತೋರಿಸ್ತೀನಿ. ಅಮ್ಮನ್ನ ಆ ಬೆರಳಿಗೇ ಬೇಡಿ ಹಾಕಿ ಎಳ್ಕೊಂಡು ಹೋಗ್ಲಿ.”

ಆಸ್ಪತ್ರೆಯಲ್ಲಿ ಕೊರೀನ್ ಫ್ರೀಜರಿನ ಮುಚ್ಚಳ ಬಿತ್ತು ಎಂದಳು. ಇಷ್ಟು ವರ್ಷಗಳಲ್ಲಿ ಅರ್ಧ ನಿಜ ಹೇಳಿದ್ದು ಅದೇ ಮೊದಲು. ನರ್ಸು ಅದನ್ನೇ ಕಾಗದದಲ್ಲಿ ಬರೆದುಕೊಂಡು, ಮಣಿಕಟ್ಟಿಗೆ ಪಟ್ಟಿ ಕಟ್ಟಿ ಕಳಿಸಿದಳು.

ಅಲ್ಲಿಂದ ಎರಡು ವಾರ ಆ ಮನೆ ನರಕ. ಲೈಲ್ ಬೆಳಿಗ್ಗೆ ಒಂಬತ್ತಕ್ಕೆ ಬ್ರಾಂದಿ ಸುರಿದುಕೊಳ್ಳುತ್ತಿದ್ದ. ಗಾಂಜಾದ ತಪ್ಪಿಗೆ ಬ್ರಾಂದಿ ಕುಡಿಯಬಾರದೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ. ಬೆಣ್ಣೆಯಿಲ್ಲದೆ ಆರ್ಡಿಸ್‌ಳ ಬೆರಳುಗಳು ಮತ್ತೆ ಮುಷ್ಟಿಗಟ್ಟಿದವು. ಜೋಲೀನ್ ಅಜ್ಜಿಗೆ ಗಂಜಿ ತಿನ್ನಿಸುತ್ತಿದ್ದಳು.

“ಅಮ್ಮಾ, ಇನ್ನೂ ಎಷ್ಟು ದಿನ?” ಪಾತ್ರೆ ಒರೆಸುತ್ತ ಹುಡುಗಿ ಕೇಳಿದಳು.

“ಅಜ್ಜೀನ ಜೈಲಿಗೆ ಕಳಿಸ್ಲಾ?”

“ಜೈಲಲ್ಲಿ ಅಪ್ಪ ಇರಲ್ಲ.”

ಕೊರೀನ್ ಒಂದೇ ಕೈಯಲ್ಲಿ ಬಾಣಲೆ ಉಜ್ಜಿದಳು.

ಡಿಸೆಂಬರಿನ ಎರಡನೆಯ ಭಾನುವಾರ. ಮಧ್ಯಾಹ್ನದ ಊಟಕ್ಕೆ ಹಂದಿ ಮಾಂಸ ಒಲೆಯಲ್ಲಿ ಬೇಯುತ್ತಿತ್ತು. ರೇಡಿಯೋದಲ್ಲಿ ಸುದ್ದಿ ಬಂತು: ಗಾಂಜಾದ ಬಗ್ಗೆ ಜನರನ್ನು ಕೇಳುವ ಠರಾವನ್ನು ಚರ್ಚೆಗೇ ಎತ್ತಿಕೊಳ್ಳುವುದಿಲ್ಲವಂತೆ. ಒಂದೇ ವಾಕ್ಯ. ಮುಂದೆ ಹಿಮ ಬೀಳುವ ವಿಷಯ.

ಲೈಲ್ ಲೋಟ ಎತ್ತಿದ. “ಕೇಳ್ತಾ ಅಮ್ಮ? ಕೇಳೋದೂ ಇಲ್ವಂತೆ ನಿನ್ನ! ಹೋಗಿ ಆ ಬೋರ್ಡು ಕಿತ್ತು ಒಲೆಗೆ ಹಾಕು.”

“ಕೇಳಿದ್ರೆ ಜನ ಹೂಂ ಅಂದ್ಬಿಡ್ತಾರೆ ಅಂತಾನೇ ಕೇಳ್ಲಿಲ್ಲ,” ಎಂದಳು ಜೋಲೀನ್, ಮೇಜಿಗೆ ತಟ್ಟೆ ಇಡುತ್ತ. “ಈ ಮನೇಲೂ ಹಂಗೇ ಅಲ್ವಾ?”

ಅವನ ಕಿವಿ ಕೆಂಪಾಗಿದ್ದನ್ನು ಕೊರೀನ್ ನೋಡುವಷ್ಟರಲ್ಲಿ ಅವನು ಎದ್ದಾಗಿತ್ತು. ಮಗಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಮುಖವನ್ನು ಮೇಜಿಗೆ ಅಪ್ಪಳಿಸಿದ. ಹುಡುಗಿಯ ಮೂಗಿನಿಂದ ರಕ್ತ ಬಿಳಿಯ ಹಾಸಿನ ಮೇಲೆ ಚಿಮ್ಮಿತು. ಇನ್ನೊಮ್ಮೆ ಎತ್ತುವಾಗ ಆರ್ಡಿಸ್ ತನ್ನ ಎರಡೂ ಕೈಗಳನ್ನು ಮಧ್ಯೆ ತೂರಿಸಿ ಮೊಮ್ಮಗಳ ಮುಖ ಮುಚ್ಚಿ ಹಿಡಿದಳು. “ಬಿಡು ಅಮ್ಮ,” ಎಂದ. ಅವಳು ಬಿಡಲಿಲ್ಲ. ಅವನು ಆ ಬೆರಳುಗಳಲ್ಲಿ ಎರಡನ್ನು ಹಿಡಿದು ಹಿಂದಕ್ಕೆ ಮಡಿಸಿದ. ಒಣ ಕಡ್ಡಿ ಮುರಿದ ಸದ್ದು ಬಂತು. ಆರ್ಡಿಸ್ ಕೂಗಲಿಲ್ಲ. ಬಾಯಿ ಮಾತ್ರ ತೆರೆದುಕೊಂಡಿತು.

ಕೊರೀನ್ ಎಡಗೈಯಲ್ಲಿ ಎರಕದ ಬಾಣಲೆ ಎತ್ತಿ ಗಂಡನ ಮೊಣಕೈಗೆ ಬೀಸಿದಳು. ಅವನು ಗೋಡೆಗೆ ಒರಗಿದ. ತೋಳು ಹಿಡಿದುಕೊಂಡು ಅವಳನ್ನು ಆಶ್ಚರ್ಯದಿಂದ ನೋಡಿದ. ಬಾಣಲೆ ಅವಳ ಕೈಯಲ್ಲೇ ಇತ್ತು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ತಲೆಗೇ ಹೊಡೆಯುತ್ತೇನೆ ಎಂಬುದು ಅವಳಿಗೆ ಗೊತ್ತಾಯಿತು; ಅವನಿಗೂ ಗೊತ್ತಾಗಿರಬೇಕು.

“ಫೋನ್ ಮಾಡ್ತೀಯಾ?” ನಕ್ಕ. “ಮಾಡು. ಬೀಗದ ಕೈ ಇಲ್ಲಿದೆ. ಅಮ್ಮನ್ನ ಕಳಿಸಿಕೊಡು.”

ಕೊರೀನ್ ಅತ್ತೆಯ ಕಡೆ ನೋಡಿದಳು. ಆರ್ಡಿಸ್‌ಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಜೋಲೀನ್,” ಎಂದಳು ಮುದುಕಿ, “ನನ್ನ ಚರ್ಚಿನ ಕೋಟು ತಾ. ಒಳ್ಳೆ ಬೂಟು ತಾ. ಕೈಚೀಲಾನೂ. ಜೈಲಿಗೆ ಚಪ್ಪಲೀಲಿ ಹೋಗಲ್ಲ ನಾನು.” ಆಮೇಲೆ ಸೊಸೆಗೆ, “ಮಾಡು ಕಣೇ. ನನ್ನ ಹೆಸರಲ್ಲಿ ಇನ್ನು ನೀನು ಏಟು ತಿನ್ನಬೇಡ. ನಂಗೆ ಅಸಹ್ಯ ಆಗುತ್ತೆ.”

ಕೊರೀನ್ ಫೋನು ಮಾಡಿದಳು.

ಬಂದವನು ವೆಂಡಲ್. ಬಾಗಿಲಲ್ಲಿ ಅದೇ ಜಾಗದಲ್ಲಿ ನಿಂತ. ಹಾಸಿನ ಮೇಲಿನ ರಕ್ತ, ಮೂಗಿಗೆ ಬಟ್ಟೆ ಒತ್ತಿಕೊಂಡ ಹುಡುಗಿ, ಕೋಟು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತ ಮುದುಕಿ. ಲೈಲ್ ಆಗಲೇ ಬೀರು ತೆರೆದು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೊರೀನ್‌ಳ ಪಕ್ಕ ಬಂದು ನಿಂತಿದ್ದ.

“ಏನಾಯ್ತು ಕೊರೀನ್?” ವೆಂಡಲ್ ಅವಳನ್ನೇ ಕೇಳಿದ.

ಅತ್ತೆಯ ಕೈಗೆ ಬೇಡಿ ಬೀಳುವುದು ಅವಳ ಕಣ್ಣ ಮುಂದೆ ಬಂತು. ಆರ್ಡಿಸ್ ಅವಳನ್ನೇ ನೋಡುತ್ತಿದ್ದಳು, ಮತಗಟ್ಟೆಯಲ್ಲಿ ಹೆಸರು ಹೇಳಲು ತಡವರಿಸುವವರನ್ನು ನೋಡುವ ಹಾಗೆ.

“ಇವನು,” ಎಂದಳು. “ಮಗಳ ಮೂಗು ಇವನು. ಅಮ್ಮನ ಬೆರಳು ಇವನು. ನನ್ನ ಮಣಿಕಟ್ಟಿನ ಮೇಲೆ ಮೂರು ಸಲ ಮುಚ್ಚಳ ಹಾಕಿದ. ವಸಂತದಲ್ಲಿ ನಾನು ಎಲ್ಲೂ ಜಾರಲಿಲ್ಲ ವೆಂಡಲ್. ನಿಂಗೂ ಗೊತ್ತಿತ್ತು. ಮೆಟ್ಟಿಲು ನೋಡಿದ್ಯಲ್ಲ.”

ವೆಂಡಲ್ ನೆಲ ನೋಡಿದ.

“ಇದನ್ನೂ ಕೇಳು!” ಲೈಲ್ ಡಬ್ಬಿಯನ್ನು ಅವನ ಎದೆಗೆ ಒತ್ತಿದ. “ಮನೇಲಿ ಗಾಂಜಾ ಬೆಣ್ಣೆ! ಇದರಿಂದ್ಲೇ ನನ್ನ ಕೆಲ್ಸ ಹೋಗಿದ್ದು!”

“ಎಲ್ಲಿತ್ತು ಇದು?”

“ಬಂದೂಕಿನ ಬೀರುವಲ್ಲಿ. ಸಾಕ್ಷಿಗೆ ಅಂತ ನಾನೇ ಎತ್ತಿಟ್ಟಿದ್ದೆ.”

“ಬೀಗದ ಕೈ ಯಾರ ಹತ್ರ ಇತ್ತು?”

ಲೈಲ್‌ನ ಕೈ ತಾನಾಗಿ ಕೊರಳಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

“ಅದು ನಂದು,” ಎಂದಳು ಆರ್ಡಿಸ್, ನೋವಿನಲ್ಲೂ ಸ್ಪಷ್ಟವಾಗಿ. “ನಾನು ಮಾಡಿದ್ದು, ನಾನು ತಿಂದಿದ್ದು. ಬೇಟೆಗೆ ಬಂದ ಬಿಲ್ಲೆಯಲ್ಲೂ ಅದೇ ಇತ್ತು, ತಪ್ಪಾಗಿ. ನೀನು ನಾಲ್ಕು ತಿಂದ್ಯಂತೆ.”

ವೆಂಡಲ್‌ನ ಕಿವಿಗಳೂ ಕೆಂಪಾದವು. ಡಬ್ಬಿಯ ಮುಚ್ಚಳವನ್ನು ಒಮ್ಮೆ ಮುಟ್ಟಿ ನೋಡಿ ಕೈ ತೆಗೆದ. “ಆರ್ಡಿಸ್, ನಾನು ಈಗ ನಿಮ್ಮನ್ನ ಏನೂ ಕೇಳ್ಲಿಲ್ಲ.”

“ನನ್ನನ್ನ ಯಾವತ್ತಪ್ಪ ಯಾರು ಕೇಳಿದಾರೆ?”

ವೆಂಡಲ್ ಇಪ್ಪತ್ತು ವರ್ಷದ ಗೆಳೆಯನನ್ನು ಗೋಡೆಗೆ ತಿರುಗಿಸಿ ಕೈ ಹಿಂದಕ್ಕೆ ಕಟ್ಟಿದ. ಲೈಲ್ ಒದ್ದ, ಉಗಿದ, ತಾಯಿಯನ್ನೂ ಹೆಂಡತಿಯನ್ನೂ ಬಾಯಿಗೆ ಬಂದಂತೆ ಬೈದ. ಒಂದೇ ಮೆಟ್ಟಿಲಿನಲ್ಲಿ ಎಡವಿ ಹಿಮಕ್ಕೆ ಮುಖವಿಟ್ಟು ಬಿದ್ದ. ಯಾರೂ ನಗಲಿಲ್ಲ.

ಅವನನ್ನು ಕಾರಿಗೆ ತುಂಬಿ ವೆಂಡಲ್ ವಾಪಸು ಬಂದ. ಡಬ್ಬಿ ಅವನ ಕೈಯಲ್ಲಿತ್ತು. “ಇದನ್ನ ನಾನು ಒಯ್ಯಲೇಬೇಕು. ಆ ಬಿಲ್ಲೆ ವಿಷ್ಯಾನೂ ಬರೀಲೇಬೇಕು,” ಎಂದ, ಯಾರ ಮುಖವನ್ನೂ ನೋಡದೆ. “ನಾಳೆ ಬೇರೆ ಯಾರಾದ್ರೂ ಬರ್ತಾರೆ. ಆರ್ಡಿಸ್, ನಿಮ್ಮನ್ನ ಕೇಳ್ತಾರೆ.”

“ಬರ್ಲಿ,” ಎಂದಳು ಆರ್ಡಿಸ್. “ಅಂತೂ ಯಾರೋ ಒಬ್ರು ಕೇಳೋಕೆ ಬರ್ತಿದಾರಲ್ಲ. ಕಾಫಿ ಮಾಡಿಟ್ಟಿರ್ತೀನಿ.”

ಜೋಲೀನ್ ಕಾರು ತರಲು ಹೋದಳು. ಕೊರೀನ್ ಒಲೆ ಆರಿಸಿದಳು. ಮಾಂಸ ಒಂದು ಕಡೆ ಹೊತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅದೇ ನರ್ಸು ಇದ್ದಳು. ಕೊರೀನ್‌ಳ ಪಟ್ಟಿಯನ್ನೂ, ಆರ್ಡಿಸ್‌ಳ ಬೆರಳುಗಳನ್ನೂ, ಹುಡುಗಿಯ ಮೂಗನ್ನೂ ನೋಡಿ, ಕಾಗದ ಎತ್ತಿಕೊಂಡು, “ಏನಾಯ್ತು?” ಎಂದಳು. ಕೊರೀನ್ ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದಳು.